ಬಾಗಿಲಿಗೆ ಅಂಟಿಸಿದ ಹನ್ನೊಂದು ಓಟು

ಅಣ್ಣಿಗೇರಿ, ಹೊರಡುವ ಮುನ್ನ

ಆಷಾಢದಲ್ಲಿ ದೂರದ ಪ್ರಯಾಣ ಬೇಡ ಎಂದು ನನ್ನ ಹೆಂಡತಿ ಗಿರಿಜಾ ಹಟ ಹಿಡಿದಳು. ನಾನೂ ಹೂಂ ಎಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿ ನಿವೃತ್ತನಾದವನು ನಾನು. ಪಂಚಾಂಗ ನೋಡಿ ಶ್ರಾವಣದ ಒಳ್ಳೆಯ ದಿನಕ್ಕೆ ಟಿಕೆಟ್ ತೆಗೆಸಿದೆನೇ ಹೊರತು, ಹೋಗುವ ದೇಶದಲ್ಲಿ ಆ ವಾರ ಏನಿದೆ ಎಂದು ನೋಡಲಿಲ್ಲ. ಕೀನ್ಯಾದಲ್ಲಿ ಆ ವಾರ ಸಾರ್ವತ್ರಿಕ ಚುನಾವಣೆ ಇತ್ತು.

ಕೀನ್ಯಾದ ನಕುರು ಎಂಬ ಊರಿನ ಹಿಟ್ಟಿನ ಗಿರಣಿಯೊಂದರಲ್ಲಿ ಗಿರಿಜಾಳ ತಮ್ಮ ಮಹಾಂತೇಶ ಮಶೀನುಗಳ ರಿಪೇರಿ ನೋಡಿಕೊಳ್ಳುತ್ತಾನೆ. ಮಿಶ್ರಿಕೋಟಿಯವನು, ಅಲ್ಲಿಗೆ ಹೋಗಿ ಆರು ವರ್ಷವಾಯಿತು. ಅಕ್ಕ ಒಮ್ಮೆ ಬಂದು ನೋಡಲಿ ಎಂದು ಪ್ರತಿ ವರ್ಷ ಕರೆಯುತ್ತಿದ್ದ. ಟಿಕೆಟಿನ ದಿನಾಂಕ ಹೇಳಿದಾಗ ಫೋನಿನಲ್ಲೇ ಗೊಣಗಿದ.

"ಮಾಮಾ, ಪಂಚಾಂಗ ಕೇಳೀರಿ, ನನ್ನ ಒಂದ ಮಾತ ಕೇಳಬೇಕಿತ್ತಲ್ರಿ. ಇಲೆಕ್ಷನ್ ವಾರನ ಬರಾಕತ್ತೀರಿ."

"ಏನರ ಆಕ್ಕೈತೇನು?"

"ಏನೂ ಆಗೂದಿಲ್ಲ ಬಿಡ್ರಿ."

ಏನೂ ಆಗುವುದಿಲ್ಲ ಎನ್ನುವ ಮೊದಲು ಅವನು ಎಳೆದುಕೊಂಡ ಉಸಿರು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ದೇಶದಲ್ಲಿ ಹಿಂದೊಮ್ಮೆ ಫಲಿತಾಂಶದ ಬೆನ್ನಿಗೇ ಗಲಭೆ ಎದ್ದು, ನೆರೆಹೊರೆಯವರೇ ನೆರೆಹೊರೆಯವರ ಮನೆ ಸುಟ್ಟಿದ್ದನ್ನು ನಾನೇ ಹತ್ತನೆಯ ಇಯತ್ತೆಯ ಮಕ್ಕಳಿಗೆ ಹೇಳಿದ್ದೆ. ಹೇಳುವಾಗ ಅದು ಬಹಳ ದೂರದ ಸಂಗತಿಯಾಗಿತ್ತು.

ಹೊರಡುವ ಹಿಂದಿನ ದಿನ ಇನ್ನೊಂದು ಚುನಾವಣೆ ನನ್ನ ಮನೆಗೇ ನಡೆದು ಬಂತು. ನಮ್ಮ ಮೂಲ ಊರು ಶಲವಡಿಯ ಆಚೆಗಿನ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಊರಿನವರು ಬೇಸರ ಮಾಡಿಕೊಂಡಾರು. ಅಲ್ಲಿನ ಗ್ರಾಮ ಪಂಚಾಯ್ತಿಯ ಒಬ್ಬ ಸದಸ್ಯೆ ತೀರಿಹೋಗಿ ಒಂದು ಜಾಗಕ್ಕೆ ಉಪಚುನಾವಣೆ ಬಂದಿತ್ತು. ಹಿರಿಯರೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತು ಒಂದು ಹೆಸರು ಗೊತ್ತು ಮಾಡಿ, ಅವಿರೋಧ ಆಯ್ಕೆ ಎಂದು ತೀರ್ಮಾನಿಸಿದ್ದರು. ಆದರೆ ನನ್ನ ತಮ್ಮ ಬಸವರಾಜನ ಹೆಂಡತಿ ಸುಮಿತ್ರಾ ತಾನೂ ಅರ್ಜಿ ಹಾಕಿಬಿಟ್ಟಿದ್ದಳು. ಊರಿನ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದರ ಬಗ್ಗೆ ಮೂರು ಗ್ರಾಮಸಭೆಗಳಲ್ಲಿ ಎದ್ದು ನಿಂತು ಕೇಳಿದವಳು ಅವಳೊಬ್ಬಳೇ.

ಊರ ಹಿರಿಯ ಫಕ್ಕೀರಗೌಡರು ಇನ್ನಿಬ್ಬರನ್ನು ಕರೆದುಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತರು.

"ಮಾಸ್ತರ, ಹ್ವಾದ ಸಲ ಇಲೆಕ್ಷನ್‌ದಾಗ ನಿಮ್ಮ ತಮ್ಮನ ತಲಿ ಒಡದದ್ದು ಮರತೀರೇನು? ಕೋರ್ಟಿನ ತಾರೀಖು ಇನ್ನೂ ಮುಗದಿಲ್ಲ. ಎರಡು ಓಣಿ ಮಂದಿ ಒಬ್ರಿಗೊಬ್ರು ಮಾತಾಡಾಂಗಿಲ್ಲ. ಊರು ಶಾಂತ ಇರಲಿ ಅಂತ ಇದನ್ನ ಮಾಡೇವಿ. ಸುಮಿತ್ರವ್ವ ನಿಮ್ಮ ಮಾತ ಮೀರಾಂಗಿಲ್ಲ. ಅರ್ಜಿ ವಾಪಸ್ ತಗೊಳ್ಳಾಕ ನೀವೊಂದ ಮಾತ ಹೇಳ್ರಿ."

ನಾನು ಮರೆತಿರಲಿಲ್ಲ. ಬಸವರಾಜನ ಹಣೆಯ ಮೇಲೆ ಹೊಲಿಗೆಯ ಗುರುತು ಈಗಲೂ ಇದೆ. ಆ ಕಲ್ಲು ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಕಲ್ಲು ಒಗೆದವರು ಪಕ್ಕದ ಹೊಲದವರು, ಒಂದೇ ಕಣದಲ್ಲಿ ನಮ್ಮ ಜೊತೆ ರಾಶಿ ಮಾಡಿದವರು.

"ಹೇಳ್ತೀನ್ರಿ," ಎಂದೆ.

ಅರ್ಜಿ ಹಿಂದೆ ಪಡೆಯಲು ಕೊನೆಯ ದಿನ ಮುಂದಿನ ಬುಧವಾರ. ಸಂಜೆ ಸುಮಿತ್ರಾ ತಾನಾಗಿಯೇ ಫೋನು ಮಾಡಿದಳು. "ಭಾವಾರ, ನೀವು ಬ್ಯಾಡ ಅಂದ್ರ ನಾ ಹಿಂದ ಸರೀತೀನ್ರಿ. ನೀವು ಏನಂತೀರಿ?" ಸೂಟ್‌ಕೇಸು ಕಟ್ಟುವ ಗಡಿಬಿಡಿಯಲ್ಲಿದ್ದೇನೆ, ಅಲ್ಲಿಂದ ಮಾತಾಡುತ್ತೇನೆ ಎಂದೆ. ಸೂಟ್‌ಕೇಸು ಮಧ್ಯಾಹ್ನವೇ ಕಟ್ಟಿ ಆಗಿತ್ತು. ಬೇಡ ಎನ್ನುವ ಧೈರ್ಯವಾಗಲಿಲ್ಲ, ಬೇಕು ಎನ್ನುವುದಕ್ಕೆ ತಮ್ಮನ ಹಣೆ ಅಡ್ಡ ಬಂತು.

ನೈರೋಬಿಯಿಂದ ನಕುರುವಿಗೆ

ವಿಮಾನ ನಿಲ್ದಾಣದಲ್ಲಿ ನಮ್ಮ ಅಗಸಿ ಚಟ್ನಿಪುಡಿಯ ಪೊಟ್ಟಣವನ್ನು ಒಬ್ಬ ಅಧಿಕಾರಿ ಬಹಳ ಹೊತ್ತು ಮೂಸಿ ನೋಡಿದ. ಗಿರಿಜಾ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ತೋರಿಸಿದಳು. ಅವನು ನಕ್ಕು ಬಿಟ್ಟ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವನು ಮಾತ್ರ ನಗಲಿಲ್ಲ. "ಪ್ರವಾಸವೇ? ಈ ವಾರವೇ?" ಎಂದು ಎರಡು ಸಲ ಕೇಳಿದ. ಆಷಾಢದ ವಿಷಯ ಅವನಿಗೆ ಹೇಗೆ ಹೇಳುವುದು?

ಮಹಾಂತೇಶ ಗಿರಣಿಯ ಜೀಪು ತಂದಿದ್ದ. ಹತ್ತಿ ಕೂತೊಡನೆ ನಮ್ಮ ಪಾಸ್‌ಪೋರ್ಟು ಇಸಿದುಕೊಂಡು, ಸೊಂಟಕ್ಕೆ ಕಟ್ಟುವ ಒಂದು ಬಟ್ಟೆಯ ಚೀಲದಲ್ಲಿ ಹಾಕಿ ನನಗೆ ಕೊಟ್ಟ. "ಅಂಗಿ ಒಳಗ ಕಟ್ಟಿಕೊಳ್ರಿ ಮಾಮಾ. ಸ್ನಾನಕ್ಕ ಹ್ವಾದಾಗ ಅಷ್ಟ ಬಿಚ್ಚರಿ." ಅಲ್ಲಿಂದ ಮುಂದೆ ಹನ್ನೆರಡು ದಿನ ನನ್ನ ಬಲಗೈ ಗಳಿಗೆಗೊಮ್ಮೆ ಸೊಂಟ ಮುಟ್ಟಿ ನೋಡುವುದನ್ನು ಬಿಡಲಿಲ್ಲ. ನನಗೆ ಹೊಟ್ಟೆನೋವಿದೆ ಎಂದು ಅಲ್ಲಿನವರು ತಿಳಿದುಕೊಂಡರು.

ದಾರಿಯ ಬದಿಗೆ ಪಟ್ಟೆ ಪಟ್ಟೆ ಕುದುರೆಗಳು ಮೇಯುತ್ತಿದ್ದವು. "ನಮ್ಮ ಊರಾಗ ದನ ಮೇದಂಗ ಮೇಯಾಕತ್ತಾವಲ್ಲೋ," ಎಂದು ಗಿರಿಜಾ ಹಿಗ್ಗಿದಳು. ನಾನು ನೋಡುತ್ತಿದ್ದುದು ರಸ್ತೆಯನ್ನು. ಬಸ್ಸುಗಳು, ಸಣ್ಣ ವ್ಯಾನುಗಳು, ಒಂದರ ಹಿಂದೊಂದು. ಮೇಲೆ ಹಾಸಿಗೆ, ಜೆರಿಕ್ಯಾನು, ಪ್ಲಾಸ್ಟಿಕ್ ಕುರ್ಚಿ. ಓಟು ಹಾಕಲು ಊರಿಗೆ ಹೋಗುತ್ತಾರೆ ಎಂದು ಮೊದಲು ಮಹಾಂತೇಶ ಹೇಳಿದ. ಓಟು ಹಾಕಲು ಹೋಗುವವರು ಹಾಸಿಗೆ ಯಾಕೆ ಒಯ್ಯುತ್ತಾರೆ ಎಂದು ಕೇಳಿದೆ. ಅವನು ಗೇರು ಬದಲಿಸಿದ.

"ತಮ್ಮ ತಮ್ಮ ಮಂದಿ ಇರೂ ಕಡೆ ಹೊಂಟಾರ್ರಿ. ಫಲಿತಾಂಶ ಬಂದ ಮ್ಯಾಲ ಎಲ್ಲಾ ಆರಾಮ ಐತಿ ಅಂತ ಕಂಡ್ರ ಹೊಳ್ಳಿ ಬರ್ತಾರ."

ಇಲ್ಲಿ ಹೆಸರು ಕೇಳಿದರೆ ಯಾವ ಜನ, ಯಾವ ಸೀಮೆ ಎಂದು ಗೊತ್ತಾಗಿಬಿಡುತ್ತದಂತೆ. ನಮ್ಮಲ್ಲಿ ಹೊಸಬರು ಬಂದರೆ ಒಂದು ಲೋಟ ನೀರು ಕೊಟ್ಟು, "ನಿಮ್ಮ ಅಡ್ಡಹೆಸರೇನ್ರಿ?" ಎಂದು ಕೇಳುತ್ತೇವಲ್ಲ, ಆ ಜಾಣತನವೇ ಇದು. ಪುಣ್ಯಕ್ಕೆ ನಮ್ಮ ಹೆಸರು ಅವರ ಯಾವ ಲೆಕ್ಕಕ್ಕೂ ಸೇರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಊರು ಹತ್ತಿರ ಬಂದಂತೆ ಗೋಡೆಗಳ ಮೇಲೆ, ಅಂಗಡಿಯ ಶಟರುಗಳ ಮೇಲೆ ಒಂದೇ ಶಬ್ದ ಮತ್ತೆ ಮತ್ತೆ ಕಂಡಿತು: ಅಮಾನಿ. ಶಾಂತಿ ಎಂದರ್ಥ. ನಮ್ಮ ಕಡೆ ಹಿಂದೂಸ್ತಾನಿಯಲ್ಲಿ ಅಮನ್ ಎನ್ನುತ್ತಾರೆ, ಅದೇ. ಬಿಳಿ ಪಾರಿವಾಳದ ಚಿತ್ರ, ಕೈಕುಲುಕುವ ಚಿತ್ರ. ಗಿರಿಜಾಗೆ ಚಂದ ಕಂಡಿತು. ನನಗೆ ನಿಜವಾಗಿ ಹೆದರಿಕೆ ಹತ್ತಿದ್ದು ಅಲ್ಲಿಯೇ. ನಮ್ಮಲ್ಲಿ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೆದರು ಎಂದರೆ ಊರಲ್ಲಿ ಏನೋ ಕುದಿಯುತ್ತಿದೆ ಎಂದೇ ಜನ ತಿಳಿಯುತ್ತಾರೆ. ನಮ್ಮ ಕಡೆಯ ಯಮನೂರಿನ ದರ್ಗಾದಲ್ಲಿ ಹಿಂದೂಗಳೂ ಮುಸ್ಲಿಮರೂ ಒಂದೇ ಸಾಲಿನಲ್ಲಿ ನಿಂತು ಹರಕೆಯ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಅಲ್ಲಿ ಯಾರೂ ಗೋಡೆಯ ಮೇಲೆ ಶಾಂತಿ ಎಂದು ಬರೆದದ್ದನ್ನು ನಾನು ಕಂಡಿಲ್ಲ.

ಭಾನುವಾರ, ಸೋಮವಾರ

ಮಹಾಂತೇಶನ ಅಡಿಗೆಮನೆಯಲ್ಲಿ ಅಕ್ಕಿ, ಹಿಟ್ಟು, ಮೇಣಬತ್ತಿ, ನೀರಿನ ಡಬ್ಬಿಗಳು ಮಾಳಿಗೆಯವರೆಗೆ ಏರಿದ್ದವು. ಮದುವೆ ಮನೆಯ ಉಗ್ರಾಣ ಇದ್ದ ಹಾಗಿತ್ತು. ಬಾಜುಮನೆಯಲ್ಲಿ ಗ್ರೇಸ್ ಎಂಬ ಹೆಂಗಸು, ಅವಳ ಗಂಡ ಜೋಸೆಫ್, ಅವಳ ವಯಸ್ಸಾದ ತಾಯಿ ಎಸ್ತೆರ್. ಜೋಸೆಫ್ ಮಹಾಂತೇಶನ ಗಿರಣಿಯಲ್ಲೇ ಕೆಲಸ ಮಾಡುವವನು. ಗ್ರೇಸ್ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಎಸ್ತೆರ್ ಅವರನ್ನು ಇಡೀ ಓಣಿ 'ಮಾಮಾ' ಎಂದು ಕರೆಯುತ್ತಿತ್ತು, ತಾಯಿ ಎನ್ನುವ ಅರ್ಥದಲ್ಲಿ. ಮಹಾಂತೇಶ ನನ್ನನ್ನು ಮಾಮಾ ಎಂದು ಕೂಗಿದಾಗಲೆಲ್ಲ ಕಾಂಪೌಂಡಿನ ಆಚೆಯಿಂದ ಆ ಮುದುಕಿ ಓ ಎನ್ನುತ್ತಿದ್ದಳು.

ಗ್ರೇಸ್ ನಮ್ಮನ್ನು ಚಹಾಕ್ಕೆ ಕರೆದಳು. ಅಲ್ಲಿ ಚಹಾಕ್ಕೆ ಚಾಯ್ ಎಂದೇ ಅನ್ನುತ್ತಾರೆ, ಚಪಾತಿಗೆ ಚಪಾತಿ ಎಂದೇ. ಸಾಬೂನಿಗೆ ಸಾಬುನಿ, ಸುದ್ದಿಗೆ ಹಬಾರಿ, ನಮ್ಮ ಖಬರಿನ ಅಕ್ಕತಂಗಿ. ಇಷ್ಟು ಗುರುತಿನ ಶಬ್ದಗಳ ನಡುವೆ ಕೂತು ಸ್ವಲ್ಪ ಹಗುರಾಗುವಷ್ಟರಲ್ಲಿ ಬಾಗಿಲ ಹಿಂದೆ ಒಂದು ಚೀಲ ಕಂಡಿತು. ಕಂದು ಬಣ್ಣದ ಕ್ಯಾನ್ವಾಸ್ ಚೀಲ, ಬಾಯಿ ಬಿಗಿದು ಕಟ್ಟಿದ್ದು.

"ಅದರಲ್ಲಿ ನಮ್ಮ ಜನನ ಪ್ರಮಾಣಪತ್ರ, ಶಾಲೆಯ ಸರ್ಟಿಫಿಕೇಟು, ಒಂದು ಕಂಬಳಿ, ಒಂದು ಪಾತ್ರೆ ಇದೆ," ಎಂದಳು ಗ್ರೇಸ್. ಅವಳ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿತ್ತು. "ಅಮ್ಮ ಪ್ರತಿ ಚುನಾವಣೆಗೂ ಕಟ್ಟಿಡುತ್ತಾಳೆ. ಆ ವರ್ಷ ಏನೂ ತೆಗೆದುಕೊಳ್ಳಲು ಪುರಸತ್ತು ಸಿಗಲಿಲ್ಲ. ಬರೀ ಕೈಯಲ್ಲಿ ಓಡಿದೆವು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಮನೆ ಸುಟ್ಟವರಲ್ಲಿ ನಮ್ಮ ಬೀದಿಯವರೂ ಇದ್ದರು."

ಮುದುಕಿಗೆ ನಾವು ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ತಿಳಿಯಿತು. ಎದ್ದು ಹೋಗಿ ಚೀಲದ ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿ ಬಂದು ಕೂತಳು.

ಗೋಡೆಯ ಮೇಲೆ ಗ್ರೇಸಳದೇ ಫೋಟೋ ಇದ್ದ ಒಂದು ಪೋಸ್ಟರು ಇತ್ತು. ಕೆಳಗೆ ಹೊಲಿಗೆ ಮಶೀನಿನ ಗುರುತು. ಅವಳು ವಾರ್ಡಿನ ಪ್ರತಿನಿಧಿ ಸ್ಥಾನಕ್ಕೆ ಪಕ್ಷೇತರಳಾಗಿ ನಿಂತಿದ್ದಾಳೆ ಎಂದು ಆಗ ಗೊತ್ತಾಯಿತು. ಅವರ ಓಣಿಯ ಶಾಲೆಯ ಮುಂದಿನ ಗಟಾರು ಮಳೆಗಾಲದಲ್ಲಿ ತುಂಬಿ ಹರಿಯುತ್ತದೆ, ಮಕ್ಕಳು ಮೊಣಕಾಲುದ್ದ ಕೊಳಚೆಯಲ್ಲಿ ಬರುತ್ತಾರೆ, ಅವಳು ಹೊಲಿದ ಸಮವಸ್ತ್ರಗಳೆಲ್ಲ ಹಾಳು. ಯಾರನ್ನು ಕೇಳಿದರೂ ಆಗಲಿಲ್ಲ, ಅದಕ್ಕೇ ನಿಂತೆ ಎಂದಳು. ನನಗೆ ಊರಿನ ನೀರಿನ ಘಟಕ ನೆನಪಾಯಿತು.

ಜೋಸೆಫ್ ನನ್ನ ಬಿಳಿ ತಲೆ ನೋಡಿ ಹೇಳಿದ, "ನೀವು ಹಿರಿಯರು. ನೀವಾದರೂ ಇವಳಿಗೆ ಹೇಳಿ. ಹೆಸರು ಬ್ಯಾಲೆಟ್ ಚೀಟಿಯಲ್ಲಿ ಬಂದಾಗಿದೆ, ಅದು ಇರಲಿ. ಆದರೆ ಫಲಿತಾಂಶ ನೋಡಲು ಶಾಲೆಗೆ ಹೋಗುವುದು ಬೇಡ. ನಾಲ್ಕು ಜನರ ಕಣ್ಣಿಗೆ ಬೀಳುವುದು ಬೇಡ."

ಇಷ್ಟು ದೂರ ವಿಮಾನದಲ್ಲಿ ಹಾರಿ ಬಂದರೂ ಫಕ್ಕೀರಗೌಡರು ನನ್ನ ಎದುರೇ ಕೂತಿದ್ದಾರೆ ಎನ್ನಿಸಿತು. ಹಿರಿಯ ಎನ್ನಿಸಿಕೊಂಡವನ ಕಷ್ಟ ಎಲ್ಲ ದೇಶದಲ್ಲೂ ಒಂದೇ ಇರಬೇಕು. ನಾನು ಗ್ರೇಸಳನ್ನು ಕೇಳಿದೆ. ಹೇಳುವುದಕ್ಕಿಂತ ಕೇಳುವುದು ಸುಲಭ.

"ಒಮ್ಮೆ ಮನೆ ಕಳೆದುಕೊಂಡವರು ನೀವು. ಸುಮ್ಮನೆ ಇರುವುದು ಒಳ್ಳೆಯದಲ್ಲವೇ? ನೆಮ್ಮದಿ ದೊಡ್ಡದಲ್ಲವೇ?"

ಅವಳು ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ನೀಲಿ ಬಟ್ಟೆಯ ದಾರ ಕೀಳುತ್ತ ಹೇಳಿದಳು: "ಆ ಸಲ ನಾವು ಯಾರ ತಂಟೆಗೂ ಹೋಗಿರಲಿಲ್ಲ. ನಿಂತಿರಲಿಲ್ಲ, ಯಾರ ಪರವಾಗಿಯೂ ಕೂಗಿರಲಿಲ್ಲ. ನಮ್ಮಪ್ಪ ಮನೆಯಲ್ಲಿ ರಾಜಕೀಯದ ಮಾತೇ ಎತ್ತಬಾರದು ಅನ್ನುತ್ತಿದ್ದ. ಸುಮ್ಮನೆಯೇ ಇದ್ದೆವು. ಆದರೂ ಸುಟ್ಟರು."

ಸಂಜೆ ಸುಮಿತ್ರಾಳಿಗೆ ಫೋನು ಮಾಡಬೇಕೆಂದು ಮೂರು ಸಲ ಹೆಸರು ತೆಗೆದು ನೋಡಿದೆ. ಏನು ಹೇಳಬೇಕು ಎಂದು ತಿಳಿಯದೆ ಫೋನು ಕೆಳಗಿಟ್ಟೆ. ನಾಳೆ ನೋಡಿದರಾಯಿತು, ಬುಧವಾರದವರೆಗೆ ವೇಳೆ ಇದೆ ಎಂದುಕೊಂಡೆ. ಗಿರಿಜಾ ನೋಡುತ್ತಲೇ ಇದ್ದಳು.

"ಅಕಿಗೆ ಬ್ಯಾಡ ಅನ್ನೂದಿದ್ರ ಬ್ಯಾಡ ಅಂತ ಹೇಳಿಬಿಡ್ರಿ. ಹೂಂ ಅನ್ನೂದಿದ್ರ ಹೂಂ ಅನ್ರಿ. ಅಕಿ ದಾರಿ ನೋಡಕೋತ ಕುಂತಿರ್ತಾಳ."

"ಬಸ್ಯಾನ ತಲಿ ನೆನಪಾಕ್ಕೈತಿ ನನಗ."

"ನನಗೂ ಆಕ್ಕೈತ್ರಿ. ಆದ್ರ ಕಲ್ಲ ಒಗದಾಕಿ ಸುಮಿತ್ರಾ ಅಲ್ಲಲ್ಲ," ಎಂದು ಅವಳು ಮಗ್ಗಲು ಬದಲಿಸಿದಳು.

ಮಂಗಳವಾರ, ಮತದಾನ

ನಾನು ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ದುಡಿದವನು. ಮಸ್ಟರಿಂಗ್ ಕೇಂದ್ರದಲ್ಲಿ ಸಾಮಾನು ಎಣಿಸಿಕೊಂಡು, ಕುಂದಗೋಳದ ಯಾವುದೋ ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಗಿನ ಆರಕ್ಕೆ ಅಣಕು ಮತದಾನ ಮಾಡಿಸಿ, ಸಂಜೆ ಮಶೀನಿಗೆ ಅರಗಿನ ಮುದ್ರೆ ಒತ್ತಿ ಒಪ್ಪಿಸುವವರೆಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥವನಿಗೆ ಬೇರೆಯವರ ಮತಗಟ್ಟೆ ಹೇಗಿರುತ್ತದೆ ಎಂದು ನೋಡುವ ಆಸೆ ಇರದೇ ಇದ್ದೀತೇ? ಮಹಾಂತೇಶ ಬೇಡವೆಂದರೂ ಕೇಳದೆ ಗ್ರೇಸ್ ಮತ್ತು ಅವಳ ತಾಯಿಯ ಹಿಂದೆ ಶಾಲೆಯವರೆಗೆ ಹೋದೆ.

ಸಾಲು ಗೇಟು ದಾಟಿ ರಸ್ತೆಯ ತಿರುವಿನವರೆಗೆ ಬಂದಿತ್ತು. ನಸುಕಿನಿಂದಲೇ ನಿಂತವರು, ಹೆಗಲ ಮೇಲೆ ಕಂಬಳಿ ಹೊದ್ದವರು. ಅಲ್ಲಿ ಆಗಸ್ಟ್ ಎಂದರೆ ಚಳಿಗಾಲ. ಆದರೆ ಸಾಲಿನಲ್ಲಿ ಮಾತಿಲ್ಲ. ನಮ್ಮ ಮತಗಟ್ಟೆಯ ಮುಂದೆ ಯಾರದೋ ಚೇಷ್ಟೆ, ಯಾರದೋ ಜಗಳ, ಬೀಡಿ, ಶೇಂಗಾ ಸಿಪ್ಪೆ ಇರುತ್ತವೆ. ಇಲ್ಲಿ ಒಬ್ಬರು ಇನ್ನೊಬ್ಬರ ಬೆನ್ನು ನೋಡುತ್ತ ನಿಂತಿದ್ದರು. ಆ ಮೌನ ನೋಡಿ ನನ್ನ ಕೈ ಸೊಂಟಕ್ಕೆ ಹೋಯಿತು.

ಅಲ್ಲಿಗೇ ಸುಮ್ಮನಿದ್ದರೆ ಆಗುತ್ತಿತ್ತು. ಊರಿನಲ್ಲಿ ತೋರಿಸೋಣವೆಂದು ಫೋನು ಎತ್ತಿ ಸಾಲಿನ ಫೋಟೋ ತೆಗೆದೆ. ಮರುಗಳಿಗೆಯೇ ಒಬ್ಬ ಪೊಲೀಸು ನನ್ನ ಮಣಿಕಟ್ಟು ಹಿಡಿದಿದ್ದ.

"ಯಾರು ಕಳಿಸಿದ್ದು ನಿನ್ನನ್ನು? ವೀಕ್ಷಕನ ಕಾರ್ಡೆಲ್ಲಿ?"

ನಾನು ಪ್ರವಾಸಿ ಎಂದೆ. ಪಾಸ್‌ಪೋರ್ಟು ತೋರಿಸು ಎಂದ. ಸಾಲಿನ ಅಷ್ಟೂ ಜನರ ಮುಂದೆ ಅಂಗಿ ಎತ್ತಿ, ಬನಿಯನ್ನಿನ ಕೆಳಗಿನ ಚೀಲ ಬಿಚ್ಚಲು ಹೋದೆ. ಗಂಟು ಬಿಚ್ಚಲಿಲ್ಲ. ಹೊಟ್ಟೆ ಹೊರಗಿಟ್ಟುಕೊಂಡು ಬೆವರುತ್ತ ನಿಂತ ನನ್ನನ್ನು ನೋಡಿ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಮುಂಜಾನೆ ನಾನು ಕೇಳಿದ ಮೊದಲ ನಗು ಅದು. ಎಸ್ತೆರ್ ತನ್ನ ಜಾಗ ಬಿಟ್ಟು ಬಂದು, ಪೊಲೀಸಿನವನಿಗೆ ಅವರ ಭಾಷೆಯಲ್ಲಿ ಏನೋ ಹೇಳಿ, ಮೊಮ್ಮಗನ ಲಾಡಿ ಬಿಚ್ಚುವ ಅಜ್ಜಿಯಂತೆ ನನ್ನ ಚೀಲದ ಗಂಟು ಬಿಚ್ಚಿದಳು.

ಪೊಲೀಸು ಫೋಟೋ ಅಳಿಸಿ ಫೋನು ತಿರುಗಿ ಕೊಟ್ಟ. ನಾನೂ ಚುನಾವಣೆ ನಡೆಸಿದವನೇ ಎಂದು ಹೇಳಿದಾಗ ಅವನ ಮುಖ ಸ್ವಲ್ಪ ಸಡಿಲವಾಯಿತು. "ನಿಮ್ಮಲ್ಲಿ ಚುನಾವಣೆ ಆದ ಮೇಲೆ ಏನಾಗುತ್ತದೆ?" ಎಂದು ಕೇಳಿದ.

"ಏನೂ ಆಗುವುದಿಲ್ಲ," ಎಂದೆ. ಹೇಳುವ ಮೊದಲು ನಾನೂ ಮಹಾಂತೇಶನ ಹಾಗೆಯೇ ಉಸಿರೆಳೆದುಕೊಂಡದ್ದು ನನಗೇ ತಿಳಿಯಿತು.

ಎಸ್ತೆರ್ ಎಡಗೈ ಕಿರುಬೆರಳಿಗೆ ನೇರಳೆ ಶಾಯಿ ಹಚ್ಚಿಸಿಕೊಂಡು ಹೊರಗೆ ಬಂದಳು. ಮನೆಗೆ ಬಂದು ಕೈ ತೊಳೆದು, ಚೀಲ ಬಾಗಿಲ ಹಿಂದೆ ಇದೆಯೋ ಇಲ್ಲವೋ ನೋಡಿ, ಆಮೇಲೆ ಒಲೆಯ ಮುಂದೆ ಕೂತಳು.

ಬುಧವಾರ

ಅಲ್ಲಿಯ ಪದ್ಧತಿ ನಮಗಿಂತ ಬೇರೆ. ನಮ್ಮಲ್ಲಿ ಮಶೀನು ಮುದ್ರೆಯೊಳಗೆ ಊರು ಬಿಟ್ಟು ಹೋಗುತ್ತದೆ, ಎಣಿಕೆ ಇನ್ನೊಂದು ದಿನ ಇನ್ನೊಂದು ಕಡೆ. ಅಲ್ಲಿ ಮತದಾನ ಮುಗಿದೊಡನೆ ಅದೇ ಕೋಣೆಯಲ್ಲಿ ಚೀಟಿ ಎಣಿಸಿ, ಯಾರಿಗೆ ಎಷ್ಟು ಎಂದು ಕೈಯಲ್ಲಿ ಬರೆದು, ಏಜೆಂಟರಿಂದ ಸಹಿ ಮಾಡಿಸಿ, ಆ ಹಾಳೆಯ ಒಂದು ಪ್ರತಿಯನ್ನು ಕೋಣೆಯ ಬಾಗಿಲಿಗೇ ಅಂಟಿಸುತ್ತಾರೆ. ಯಾರು ಬೇಕಾದರೂ ಬಂದು ಓದಬಹುದು.

ಮುಂಜಾನೆ ಗ್ರೇಸ್ ಹೊರಟು ನಿಂತಳು. ಜೋಸೆಫ್ ಬಾಗಿಲಿಗೆ ಅಡ್ಡ ನಿಂತಿದ್ದ. ಅವಳು ಅವನ ಅಂಗಿಯ ಗುಂಡಿ ಸರಿ ಮಾಡಿ, ಪಕ್ಕಕ್ಕೆ ಸರಿಸಿ ಹೊರಗೆ ಬಂದಳು. ಎಸ್ತೆರ್ ಹಿಂದೆ ಹೊರಟಳು. ಹಿಂದಿನ ದಿನ ಮರ್ಯಾದೆ ಹೋದದ್ದು ಮರೆಯದಿದ್ದರೂ ನಾನೂ ಹೊರಟೆ, ಈ ಸಲ ಫೋನು ಕಿಸೆಯಿಂದ ತೆಗೆಯುವುದಿಲ್ಲ ಎಂದು ಗಿರಿಜಾಗೆ ಮಾತು ಕೊಟ್ಟು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಜೋಸೆಫನೂ ಬರುತ್ತಿದ್ದ.

ಶಾಲೆಯ ಬಾಗಿಲ ಮುಂದೆ ಮೂವತ್ತು ನಲವತ್ತು ಜನ. ಎರಡೂ ದೊಡ್ಡ ಪಕ್ಷಗಳವರು ಎಂದು ಟೋಪಿ ನೋಡಿದರೆ ತಿಳಿಯುತ್ತಿತ್ತು. ಗ್ರೇಸಳನ್ನು ಕಂಡೊಡನೆ ಮಾತು ನಿಂತಿತು. ಬಸವರಾಜನ ತಲೆಗೆ ಕಲ್ಲು ಬಿದ್ದ ದಿನವೂ ಹೀಗೆಯೇ ಮೊದಲು ಮಾತು ನಿಂತಿತ್ತಂತೆ. ಜನ ಸರಿದು ದಾರಿ ಬಿಟ್ಟರು. ಹಸಿರು ಟೋಪಿಯ ಒಬ್ಬ ಮುದುಕ, ಗೆಲ್ಲುವ ಅಭ್ಯರ್ಥಿಯ ಕಡೆಯವನು, ಕನ್ನಡಕ ಏರಿಸಿ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತಿದ್ದ. ಕೆಳಗಿನಿಂದ ಎರಡನೆಯ ಹೆಸರಿಗೆ ಬಂದು ನಿಂತ.

"ಗ್ರೇಸ್. ಹನ್ನೊಂದು."

ಯಾರೋ ನಕ್ಕರು. ಗ್ರೇಸ್ ಹತ್ತಿರ ಹೋಗಿ ತಾನೇ ಓದಿದಳು. ಅಂಕಿಯಲ್ಲಿ ಓದಿದಳು, ಅಕ್ಷರದಲ್ಲಿ ಬರೆದದ್ದನ್ನೂ ಓದಿದಳು. ಎಸ್ತೆರ್ ನೇರಳೆ ಬೆರಳಿನ ಕೈ ಎತ್ತಿ ಎಣಿಸಲು ಹತ್ತಿದಳು. ತಾನು, ಮಗಳು, ಅಳಿಯ, ಮಗಳ ಹೊಲಿಗೆ ಅಂಗಡಿಯಲ್ಲಿ ಗುಂಡಿಗೆ ಕಾಜ ಮಾಡುವ ಇಬ್ಬರು ಹೆಂಗಸರು, ಚರ್ಚಿನ ಇಬ್ಬರು ಗೆಳತಿಯರು. ಏಳಕ್ಕೆ ಬೆರಳು ನಿಂತಿತು.

"ಏಳು ಜನ ಯಾರೆಂದು ನನಗೆ ಗೊತ್ತು," ಎಂದಳು ಗ್ರೇಸ್ ನನ್ನ ಕಡೆ ತಿರುಗಿ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಮುಖದಲ್ಲಿ ಸೋಲಿರಲಿಲ್ಲ. "ಉಳಿದ ನಾಲ್ವರು ಯಾರು? ಈ ಬೀದಿಯಲ್ಲಿ ನನಗೆ ಗೊತ್ತಿಲ್ಲದ ನಾಲ್ಕು ಜನ ನನಗೆ ಓಟು ಹಾಕಿದ್ದಾರೆ."

ಅವಳು ಅಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಹಿಂದಿನ ದಿನ ಬೆನ್ನು ನೋಡುತ್ತ ನಿಂತಿದ್ದ ಜನ ಈಗ ಅವಳಿಗೆ ಮುಖ ಕೊಟ್ಟು ನಿಂತಿದ್ದರು. ಹಸಿರು ಟೋಪಿಯ ಮುದುಕ, "ನಾನಂತೂ ಅಲ್ಲಮ್ಮ," ಎಂದ. ಈ ಸಲ ಎಲ್ಲರೂ ನಕ್ಕರು, ಜೋಸೆಫನೂ ನಕ್ಕ. ಗ್ರೇಸ್ ಹಾಳೆಯ ಫೋಟೋ ತೆಗೆದುಕೊಂಡಳು. ಅದಕ್ಕೆ ಅಡ್ಡಿ ಇರಲಿಲ್ಲ, ಅಂಟಿಸಿರುವುದೇ ಎಲ್ಲರೂ ನೋಡಲಿ ಎಂದು. ನನಗೂ ಒಂದು ಕಳಿಸಿದಳು.

ನಾನು ಶಾಲೆಯ ಗೋಡೆಯ ಬದಿಗೆ ಸರಿದು ಫೋನು ಹಚ್ಚಿದೆ. ಅಲ್ಲಿ ಹತ್ತೂವರೆ, ನಮ್ಮಲ್ಲಿ ಮಧ್ಯಾಹ್ನದ ಒಂದು ಗಂಟೆ. ಅರ್ಜಿ ಹಿಂದೆ ಪಡೆಯಲು ಇನ್ನೂ ಎರಡು ತಾಸು ಇದೆ ಎಂದು ಬೆರಳಲ್ಲೇ ಲೆಕ್ಕ ಹಾಕಿದೆ. ಸುಮಿತ್ರಾ ಎತ್ತಿದಳು. ಆರಾಮ ಇದ್ದೀಯಾ ಎಂದೂ ನಾನು ಕೇಳಲಿಲ್ಲ.

"ಸುಮಿತ್ರಾ, ಅರ್ಜಿ ವಾಪಸ್ ತಗೋಬ್ಯಾಡ. ನಿಲ್ಲು ನೀ. ನಾ ಬಸ್ಯಾಗೂ ಹೇಳ್ತೀನಿ, ಗೌಡ್ರಿಗೂ ಹೇಳ್ತೀನಿ."

ಆ ಕಡೆ ಟ್ರ್ಯಾಕ್ಟರೊಂದು ಹಾದು ಹೋಯಿತು.

"ಮುಂಜಾನೆನ ಸಹಿ ಮಾಡಿ ಬಂದೆನ್ರಿ, ಭಾವಾರ."

"ಯಾಕ? ನಾ ಏನೂ ಹೇಳಿರಲಿಲ್ಲಲ್ಲ."

"ನೀವು ಹೇಳಿ ಹೋಗೀರಂತಲ್ರಿ. ಮಾಸ್ತರು ನಮಗ ಮಾತ ಕೊಟ್ಟ ಹೋಗ್ಯಾರ, ನಾಕ ಮಂದ್ಯಾಗ ಅವರ ಮಾತ ಕಳೀಬ್ಯಾಡ ಅಂದ್ರು ಗೌಡ್ರು. ಸೋಮಾರ ನಿಮ್ಮ ಫೋನ್ ಬರ್ತೈತಿ ಅಂತ ಕಾದೆ. ನಿನ್ನೆನೂ ಕಾದೆ. ನನ್ನ ಮುಂದ ಹೇಳಾಕ ನಿಮಗ ಸಂಕೋಚ ಆಗಿರಬೇಕು ಅಂತ ತಿಳಕೊಂಡು ನಾನ ಹೋಗಿ ಸಹಿ ಮಾಡಿದೆ."

ಅವಳೇ ಕೇಳಿದಳು.

"ಅಲ್ಲೆ ಇಲೆಕ್ಷನ್ ಆತೇನ್ರಿ? ಗದ್ಲ ಏನರ ಆತೇನು?"

"ಇಲ್ಲವಾ. ಏನೂ ಆಗಲಿಲ್ಲ."

"ಇಲ್ಲೂ ಏನೂ ಇಲ್ರಿ. ಊರೆಲ್ಲಾ ಅಗದಿ ಶಾಂತ ಐತಿ," ಎಂದಳು.

ಕಾಯುವ ದಿನಗಳು

ವಾರ್ಡಿನ ಮಾತು ಮುಗಿದರೂ ದೇಶದ ಅಧ್ಯಕ್ಷರು ಯಾರೆಂಬುದು ಹಲವು ದಿನ ಗೊತ್ತಾಗಲಿಲ್ಲ. ಅಂಗಡಿ ಮುಚ್ಚಿದ್ದವು. ಟಿವಿಯಲ್ಲಿ ಅಂಕಿಗಳು ಏರುತ್ತಿದ್ದವು, ಒಂದು ಚಾನೆಲಿನದು ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಮಹಾಂತೇಶ ತನ್ನ ಅಕ್ಕನಿಗೆ ತೋರಿಸಬೇಕೆಂದುಕೊಂಡಿದ್ದ ಸರೋವರ, ಸಿಂಹ ಎಲ್ಲ ಹಾಗೆಯೇ ಉಳಿದವು. ನಾವು ಮೂವರೂ ಕಿಟಕಿಯ ಪರದೆ ಎಳೆದುಕೊಂಡು ಇಸ್ಪೀಟು ಆಡಿದೆವು. ದೂರದಲ್ಲಿ ಬೈಕಿನ ಸೈಲೆನ್ಸರು ಢಬ್ ಎಂದರೆ ಮೂವರ ಕೈಯಲ್ಲೂ ಎಲೆ ನಿಲ್ಲುತ್ತಿತ್ತು.

ಫಲಿತಾಂಶ ಹೇಳಿದ ಸಂಜೆ ಒಂದು ಕಡೆ ಹಾರ್ನು, ಸೀಟಿ. ಇನ್ನೊಂದು ಕಡೆ ಎಲ್ಲೋ ಟೈರು ಸುಟ್ಟ ವಾಸನೆ. ಆಮೇಲೆ ಎರಡೂ ನಿಂತವು. ಸೋತವರು ಕೋರ್ಟಿಗೆ ಹೋಗುತ್ತಾರಂತೆ ಎಂದು ಗ್ರೇಸ್ ಕಾಂಪೌಂಡಿನ ಆಚೆಯಿಂದ ಹೇಳಿದಳು. ಕೋರ್ಟಿನ ಹೆಸರು ಕೇಳಿ ನನಗೆ ಸಮಾಧಾನವಾಯಿತು. ಕಲ್ಲಿಗಿಂತ ತಾರೀಖು ಮೇಲು. ಮರುದಿನ ಎದುರಿನ ಅಂಗಡಿಯವನು ಶಟರನ್ನು ಅರ್ಧ ಎತ್ತಿ ಬ್ರೆಡ್ ಮಾರಿದ. ಅದರ ಮರುದಿನ ಪೂರ್ತಿ ಎತ್ತಿದ.

ನಾವು ಹೊರಡುವ ದಿನವೂ ಎಸ್ತೆರ್‌ ಚೀಲ ಬಿಚ್ಚಿರಲಿಲ್ಲ. ಗ್ರೇಸ್ ಮಾತ್ರ ಉಳಿದ ನಾಲ್ವರಲ್ಲಿ ಒಬ್ಬನನ್ನು ಪತ್ತೆ ಹಚ್ಚಿದ್ದಳು. ಬ್ರೆಡ್ ಮಾರುವ ಆ ಅಂಗಡಿಯವನೇ. ಅವನು ಬೇರೆ ಜನದವನು, ಆ ಕೆಟ್ಟ ವರ್ಷದಲ್ಲಿ ಇವರ ಕಡೆಯವರಿಂದ ಅವನ ಅಂಗಡಿಯೂ ಸುಟ್ಟಿತ್ತಂತೆ. ಇನ್ನು ಮೂವರು ಬಾಕಿ ಎಂದು ನಗುತ್ತ ಗಿರಿಜಾಳ ಕೈಯಲ್ಲಿ ತಾನೇ ಹೊಲಿದ ಒಂದು ಚೀಲ ಇಟ್ಟಳು.

ಊರು

ಬಂದ ಮೂರನೆಯ ದಿನ ಊರಿಗೆ ಹೋದೆ. ಶಲವಡಿ ದಾಟಿದ ಮೇಲೆ ರಸ್ತೆಯ ಅರ್ಧ ಭಾಗದಲ್ಲಿ ಹೆಸರುಕಾಳು ಒಣಹಾಕಿದ್ದರು, ಬಸ್ಸು ಉಳಿದರ್ಧದಲ್ಲಿ ತೆವಳಿತು. ಅಂದೇ ಮತದಾನ ಆಗಬೇಕಿದ್ದ ದಿನ. ನಮ್ಮೂರ ಶಾಲೆಯಲ್ಲಿ ಮಕ್ಕಳು ಎಂದಿನಂತೆ ಮಗ್ಗಿ ಹೇಳುತ್ತಿದ್ದರು. ಮತಗಟ್ಟೆ ಆಗಬೇಕಿದ್ದ ಕೋಣೆಯ ಬಾಗಿಲ ಮುಂದೆ ಸ್ವಲ್ಪ ನಿಂತೆ. ಅದಕ್ಕೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ನೀರಿನ ಘಟಕದ ಬೀಗ ಹಾಗೆಯೇ ಇತ್ತು.

ಫಕ್ಕೀರಗೌಡರು ಕಟ್ಟೆಯ ಮೇಲಿಂದಲೇ ಕೈ ಮುಗಿದರು. "ನೋಡ್ರಿ ಮಾಸ್ತರ, ಒಂದ ಹನಿ ರಗತ ಬೀಳಲಿಲ್ಲ. ನಿಮ್ಮ ಉಪಕಾರ."

ಅವರು ಕೆಟ್ಟವರಲ್ಲ. ತಮ್ಮನ ತಲೆ ಒಡೆದ ದಿನ ತಮ್ಮ ಜೀಪಿನಲ್ಲೇ ಅವನನ್ನು ಹುಬ್ಬಳ್ಳಿಗೆ ಒಯ್ದವರು ಅವರೇ. ನಾನೂ ಕೈ ಮುಗಿದೆ. ಮುಂದಿನ ಸಲ ಹೀಗೆ ನನ್ನ ಹೆಸರು ಹೇಳಬೇಡಿರಿ ಎಂದೆ. ಅವರಿಗೆ ತಿಳಿಯಲಿಲ್ಲ, ಅಥವಾ ತಿಳಿದೂ ನಕ್ಕರು.

ಸುಮಿತ್ರಾ ಅಂಗಳದಲ್ಲಿ ಕೂತು ಮೊರದಲ್ಲಿ ಹೆಸರು ಹಸನು ಮಾಡುತ್ತಿದ್ದಳು. ಬಸವರಾಜ ಹೊಲಕ್ಕೆ ಹೋಗಿದ್ದ. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡು ಎದ್ದು ನೀರು ತಂದುಕೊಟ್ಟಳು.

"ತಪ್ಪಾತು ಸುಮಿತ್ರಾ," ಎಂದೆ. "ನಿನ್ನ ಕೇಳದ ನಿನ್ನ ಪರವಾಗಿ ಮಾತ ಕೊಟ್ಟೆ. ಆಮ್ಯಾಲ ಫೋನ್ ಮಾಡಾಕೂ ಹೆದರಿದೆ."

"ಇರಲಿ ಬಿಡ್ರಿ. ಇವರ ಹಣಿ ನೋಡಿದಾಗ ನನಗೂ ಹೆದರಿಕಿ ಬರ್ತೈತಿ. ಅಲ್ಲೆ ಏನೇನ ನೋಡಿದ್ರಿ, ಹೇಳ್ರಿ."

ಸಿಂಹ ನೋಡಲಿಲ್ಲ, ಸರೋವರ ನೋಡಲಿಲ್ಲ. ತೋರಿಸಲು ನನ್ನ ಬಳಿ ಇದ್ದದ್ದು ಒಂದೇ ಫೋಟೋ. ಬಾಗಿಲಿಗೆ ಅಂಟಿಸಿದ ಆ ಹಾಳೆ. ಗ್ರೇಸಳ ವಿಷಯ ಹೇಳಿದೆ, ಅವಳ ಗಟಾರು, ಅವಳ ತಾಯಿಯ ಚೀಲ, ಹಸಿರು ಟೋಪಿಯ ಮುದುಕ. ಸುಮಿತ್ರಾ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಇಂಗ್ಲಿಷಿನ ಹೆಸರುಗಳನ್ನು ಕೂಡಿಸಿ ಕೂಡಿಸಿ ಓದುತ್ತ ಕೆಳಗೆ ಬಂದಳು.

"ಇಕಿನ ಏನ್ರಿ? ಹನ್ನೊಂದು?"

"ಇಕಿನ."

"ಸೋತಳು."

"ಸೋತಳು. ಆದ್ರ ಏಳು ಮಂದಿ ಯಾರಂತ ಗೊತ್ತಿತ್ತು ಅಕಿಗೆ. ಉಳಿದ ನಾಕ ಮಂದಿನ್ನ ಹುಡುಕಾಕತ್ತಾಳ."

ಸುಮಿತ್ರಾ ಬಹಳ ಹೊತ್ತು ಆ ಅಂಕಿಯನ್ನೇ ನೋಡಿದಳು. ಶಾಲೆಯಿಂದ ಮಗ್ಗಿ ಕೇಳಿಸುತ್ತಿತ್ತು. ಅವಳ ತುಟಿ ಸಣ್ಣಗೆ ಅಲ್ಲಾಡಿತು. ಯಾರದೋ ಹೆಸರುಗಳನ್ನು ತನ್ನಷ್ಟಕ್ಕೆ ಎಣಿಸುತ್ತಿದ್ದಳು, ಬಲಗೈ ಹೆಬ್ಬೆರಳು ಬೆರಳ ಗಿಣ್ಣುಗಳ ಮೇಲೆ ಸರಿಯುತ್ತಿತ್ತು. ಒಂಬತ್ತರವರೆಗೆ ಹೋಗಿ ಅಲ್ಲಿ ನಿಂತಿತು.

"ನನಗ ಎಷ್ಟು ಬೀಳ್ತಿದ್ವು ಅನ್ನೂದು ಇನ್ನ ಗೊತ್ತಾಗೂದಿಲ್ಲ ನೋಡ್ರಿ, ಭಾವಾರ," ಎಂದು ಫೋನು ನನ್ನ ಕೈಗಿಟ್ಟು ಮತ್ತೆ ಮೊರ ಎತ್ತಿಕೊಂಡಳು.